ಬಲಗೈಯ ನಾಡಿ

ಗಟ್ಟಿಯಾಗಿ ಮಾತಾಡುವುದು ನನ್ನ ಹುಟ್ಟುಗುಣವಲ್ಲ, ಗಿರಣಿ ಕಲಿಸಿದ್ದು. ಮದುವೆಯಾಗಿ ಬಂದ ಮೊದಲ ವರ್ಷದಿಂದಲೇ ಗಂಡನ ಜೊತೆ ಹಿಟ್ಟಿನ ಗಿರಣಿಯಲ್ಲಿ ನಿಂತವಳು ನಾನು. ಬೆಲ್ಟು ತಿರುಗುವಾಗ ಪಕ್ಕದಲ್ಲಿ ನಿಂತವರಿಗೂ ಕೂಗಿಯೇ ಹೇಳಬೇಕು. ಶಿರಸಿಯಿಂದ ಬನವಾಸಿಗೆ ಹೋಗುವ ರಸ್ತೆಯ ಮೇಲಿನ ನಮ್ಮ ಊರಿನಲ್ಲಿ ನನ್ನ ದನಿ ಕೇಳಿದರೆ ಸಾಕು, ಕರೆಂಟು ಬಂತು ಎಂದು ತಿಳಿದು ಜನ ಅಕ್ಕಿ, ಜೋಳದ ಡಬ್ಬಿ ಹೊತ್ತು ಹೊರಡುತ್ತಾರೆ ಎಂದು ನಮ್ಮವರು ಎಲ್ಲರೆದುರು ಆಡಿಕೊಳ್ಳುತ್ತಿದ್ದರು. ನಮ್ಮವರು ಎಂದರೆ ನನ್ನ ಗಂಡ. ನಮಗೆ ಮಕ್ಕಳಾಗಲಿಲ್ಲ. ಇಬ್ಬರೇ ಇದ್ದುದರಿಂದ ಜಗಳವೂ ಜಾಸ್ತಿ, ನಗುವೂ ಜಾಸ್ತಿ.

ಅವರು ಮೆತ್ತಗಿನ ಮನುಷ್ಯ. ಗಿರಣಿಯ ಕಲ್ಲಿನ ಬಾಯಿಂದ ಹಿಟ್ಟು ಬೀಳುವಲ್ಲಿ ಬಲಗೈ ಒಡ್ಡಿ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ತಿಕ್ಕಿ ನೋಡಿ, ಇದು ರೊಟ್ಟಿಗೆ ಆಯಿತು, ಇದು ಚಕ್ಕುಲಿಗೆ ಇನ್ನೂ ಸಣ್ಣಗಾಗಬೇಕು ಎಂದು ಹೇಳುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಸಿಟ್ಟು ಮಾಡುವ ಕೆಲಸವನ್ನೆಲ್ಲ ನನಗೆ ಬಿಟ್ಟಿದ್ದರು. ಒಬ್ಬರ ಅಕ್ಕಿ ಇನ್ನೊಬ್ಬರ ಜೋಳದ ಜೊತೆ ಸೇರಿದರೆ, ಸರದಿ ತಪ್ಪಿಸಿ ಯಾರಾದರೂ ಡಬ್ಬಿ ಮುಂದಿಟ್ಟರೆ ಬಾಯಿ ಮಾಡುವವಳು ನಾನು. ಆ ಬಾಯಿಯನ್ನೇ ಹುಬ್ಬಳ್ಳಿಯ ಆಸ್ಪತ್ರೆಗೂ ಒಯ್ದೆ. ಈ ಬರಹ ಅಲ್ಲಿಂದಲೇ ಶುರುವಾಗಬೇಕು.

ಶಿವರಾತ್ರಿ ಮುಗಿದ ವಾರ ಅವರಿಗೆ ಎದೆನೋವು ಬಂತು. ಶಿರಸಿಯ ಡಾಕ್ಟರು ಇಸಿಜಿ ಪಟ್ಟಿ ನೋಡಿ, ಇಲ್ಲಿ ಆಗುವ ಕೆಲಸವಲ್ಲ, ಹುಬ್ಬಳ್ಳಿಗೆ ಹೋಗಿ ಎಂದರು. ಅಂಬುಲೆನ್ಸಿನಲ್ಲಿ ಮುಂಡಗೋಡದ ಮೇಲೆ ಹುಬ್ಬಳ್ಳಿ ಮುಟ್ಟಿದೆವು. ಎದೆ ಕೊಯ್ಯುತ್ತಾರೆ ಎಂದು ನಾನು ಜೀವ ಕೈಯಲ್ಲಿ ಹಿಡಿದು ಹೋದರೆ, ಅಲ್ಲಿಯವರು ಬಲಗೈ ಮಣಿಕಟ್ಟಿನ ರಕ್ತನಾಳದಲ್ಲಿ ಸಣ್ಣ ತೂತು ಮಾಡಿ, ಅದರೊಳಗಿಂದ ಎಳೆಯಂಥ ನಳಿಗೆಯನ್ನು ಹೃದಯದ ತನಕ ತೂರಿಸಿ, ಕಟ್ಟಿದ್ದನ್ನು ಬಿಡಿಸಿ ಸ್ಟೆಂಟು ಹಾಕಿದರು. ಎರಡು ತಾಸಿಗೆಲ್ಲ ನಮ್ಮವರು ವಾರ್ಡಿನ ಮಂಚದ ಮೇಲೆ ಕೂತು ಚಹಾ ಕೇಳುತ್ತಿದ್ದರು. ನನಗೆ ನಂಬಿಕೆಯೇ ಬರಲಿಲ್ಲ. ಇಷ್ಟು ಸುಲಭವೇ ಎಂದುಕೊಂಡೆ.

ಮಣಿಕಟ್ಟಿಗೆ ಒಂದು ಪ್ಲಾಸ್ಟಿಕ್ ಪಟ್ಟಿ ಕಟ್ಟಿದ್ದರು. ಅದರೊಳಗೆ ಗಾಳಿ ತುಂಬಿ, ತೂತಾದ ಜಾಗವನ್ನು ಒತ್ತಿ ಹಿಡಿಯುತ್ತದೆ. ಸಂಜೆ ಹೊತ್ತಿಗೆ ಒಬ್ಬಳು ನರ್ಸು ಸಿರಿಂಜು ಹಿಡಿದು ಬಂದು ಆ ಪಟ್ಟಿಯ ಗಾಳಿಯನ್ನು ಸ್ವಲ್ಪವೇ ತೆಗೆದಳು. ತೆಗೆದದ್ದೇ ತಡ, ಪಟ್ಟಿಯ ಅಂಚಿನಲ್ಲಿ ರಕ್ತ ಜಿನುಗಿತು. ಎರಡು ಹನಿ ಬಿಳಿ ಹಾಸಿಗೆಯ ಮೇಲೆ ಬಿತ್ತು. ನಾನು ವಾರ್ಡೇ ಹಾರಿಹೋಗುವ ಹಾಗೆ ಕೂಗಿಕೊಂಡೆ.

"ಏನ್ ಮಾಡಾಕತ್ತೀಯವ್ವಾ ನೀನು? ರಕ್ತ ಬರಾಕತ್ತೈತಿ, ಕಣ್ಣಿಗೆ ಕಾಣೂದಿಲ್ಲೇನ? ಬಿಗಿ ಮಾಡು, ಮೊದ್ಲ ಬಿಗಿ ಮಾಡು!"

"ಏ, ಸಾವಕಾಶ ಮಾತಾಡ," ಎಂದರು ನಮ್ಮವರು. "ಇದು ಗಿರಣಿ ಅಲ್ಲ, ಆಸ್ಪತ್ರಿ."

ಆ ನರ್ಸು ಸಣ್ಣ ವಯಸ್ಸಿನವಳು. ಪಾಪ, ನನಗೆ ತಿಳಿಹೇಳಲು ನೋಡಿದಳು. "ಹಂಗಲ್ರೀ ಅಮ್ಮಾ. ರಕ್ತ ಹೊರಗೂ ಬರಬಾರದು, ಒಳಗ ಹರಿಯೂದೂ ನಿಲ್ಲಬಾರದು. ಅದಕ್ಕ ಸ್ವಲ್ಪ ಸ್ವಲ್ಪ ಸಡಿಲ ಮಾಡ್ಕೋತ ಬರಬೇಕು. ಭಾಳ ಹೊತ್ತು ಬಿಗಿಯಾಗಿಟ್ರ ನರದಾಗ ರಕ್ತ ಹೆಪ್ಪುಗಟ್ತೈತ್ರಿ." ಅವಳು ಹೇಳಿದ ಒಂದೊಂದು ಮಾತೂ ಸರಿಯಾಗಿತ್ತು ಎಂದು ನನಗೆ ಆಮೇಲೆ ಗೊತ್ತಾಯಿತು. ಆಗ ನನ್ನ ಕಿವಿಗೆ ಏನೂ ಹೋಗಲಿಲ್ಲ. ಅಕ್ಕಪಕ್ಕದ ಮಂಚದವರೆಲ್ಲ ಎದ್ದು ಕೂತು ನೋಡತೊಡಗಿದರು. ಅವಳು ಗಾಬರಿಯಾಗಿ, ತೆಗೆದಷ್ಟು ಗಾಳಿಯನ್ನೂ, ನನ್ನ ಸಮಾಧಾನಕ್ಕೆ ಅದರ ಮೇಲೆ ಇನ್ನಷ್ಟನ್ನೂ ತುಂಬಿದಳು. ರಕ್ತ ನಿಂತಿತು. ಅವಳ ಪಾಳಿ ಮುಗಿದು ಬೇರೆಯವಳು ಬಂದಾಗ ನಾನು ಬಾಗಿಲಲ್ಲೇ ಹಿಡಿದು, ಇದನ್ನು ಮುಟ್ಟುವ ಹಾಗಿಲ್ಲ, ನೋಡಿ ಎಂದು ಹೇಳಿಯೇ ಒಳಗೆ ಬಿಟ್ಟೆ. ಪಟ್ಟಿ ಬೆಳಗಿನ ತನಕ ಹಾಗೇ ಇತ್ತು. ಬೆರಳು ಜೋಮು ಹಿಡಿಯುತ್ತಿದೆ ಎಂದು ನಮ್ಮವರು ಒಂದೆರಡು ಸಲ ಹೇಳಿದರು. ತಡೆದುಕೊಳ್ಳಿ, ರಕ್ತ ಹೋಗುವುದಕ್ಕಿಂತ ಜೋಮು ಮೇಲು ಎಂದೆ.

ನನ್ನ ಗಂಡನನ್ನು ಆ ಹುಡುಗಿಯ ಕೈಯಿಂದ ಉಳಿಸಿಕೊಂಡೆ ಎಂಬ ಜಂಬ ಬೇರೆ ನನಗೆ. ಊರಿಗೆ ಬಂದ ಮೇಲೆ ನೋಡಲು ಬಂದವರಿಗೆಲ್ಲ ಅದನ್ನೇ ಬಣ್ಣಿಸಿ ಹೇಳಿದೆ.

ಹತ್ತು ದಿನಕ್ಕೆ ಶಿರಸಿಯ ಡಾಕ್ಟರಲ್ಲಿ ತೋರಿಸಲು ಹೋದೆವು. ಅವರು ಮಾತಾಡುತ್ತಲೇ ನಮ್ಮವರ ಬಲಗೈ ಹಿಡಿದರು. ಮಾತು ನಿಲ್ಲಿಸಿದರು. ಬೆರಳು ಅತ್ತ ಇತ್ತ ಸರಿಸಿ ಮತ್ತೆ ಹಿಡಿದರು. ಆಮೇಲೆ ಮಣಿಕಟ್ಟಿನ ಎರಡೂ ಬದಿಯನ್ನು ಬಿಗಿಯಾಗಿ ಒತ್ತಿ, ಮುಷ್ಟಿ ಕಟ್ಟಿ ಬಿಡಿ ಎಂದರು. ಅಂಗೈ ಸುಣ್ಣದ ಬಣ್ಣಕ್ಕೆ ತಿರುಗಿತು. ಕಿರುಬೆರಳಿನ ಕಡೆಯ ಒತ್ತನ್ನು ಬಿಟ್ಟ ಕೂಡಲೇ ಕೆಂಪಾಯಿತು. ಮತ್ತೆ ಹಾಗೆಯೇ ಮಾಡಿ ಹೆಬ್ಬೆರಳಿನ ಕಡೆಯ ಒತ್ತನ್ನು ಬಿಟ್ಟರು. ಅಂಗೈ ಬಿಳಿಯಾಗಿಯೇ ಉಳಿಯಿತು.

"ಈ ಕಡೆಯ ನಾಳ ಮುಚ್ಚಿಹೋಗಿದೆ," ಎಂದರು ಡಾಕ್ಟರು. "ಕೈಗೆ ರಕ್ತ ತರೋದು ಎರಡು ನಾಳ. ಇನ್ನೊಂದು ಚೆನ್ನಾಗಿದೆ, ಹಾಗಾಗಿ ಕೈಗೆ ಅಪಾಯ ಇಲ್ಲ. ಪಟ್ಟಿ ಎಷ್ಟು ಹೊತ್ತು ಇತ್ತು?"

ನಮ್ಮವರು ನನ್ನ ಮುಖ ನೋಡಿ, "ಇತ್ರೀ, ಒಂದಿಷ್ಟು ಹೊತ್ತು," ಎಂದರು. ನನ್ನನ್ನು ಯಾರ ಎದುರಿಗೂ ಬಿಟ್ಟುಕೊಟ್ಟವರಲ್ಲ ಅವರು.

ಡಾಕ್ಟರು ಹೇಳಿದ್ದು ಇಷ್ಟು. ಮುಚ್ಚಿದ್ದು ಆ ದಿನವೇ ಗೊತ್ತಾಗಿದ್ದರೆ ಕಿರುಬೆರಳಿನ ಕಡೆಯ ನಾಳವನ್ನು ಒಂದು ತಾಸು ಒತ್ತಿ ಹಿಡಿದು, ರಕ್ತ ಈ ದಾರಿಯಲ್ಲೇ ನುಗ್ಗುವಂತೆ ಮಾಡಿ ನೋಡಬಹುದಿತ್ತು. ಈಗ ರಕ್ತ ತೆಳುವಾಗಿಸುವ ಇನ್ನೊಂದು ಮಾತ್ರೆಯನ್ನು ಒಂದು ತಿಂಗಳು ತೆಗೆದುಕೊಂಡರೆ ಎಷ್ಟೋ ಜನರಿಗೆ ತೆರೆದುಕೊಳ್ಳುತ್ತದೆ. ಹದಿನೈದು ದಿನಕ್ಕೊಮ್ಮೆ ಬಂದು ತೋರಿಸಬೇಕು. ತಡ ಮಾಡಿದರೆ ಹೆಪ್ಪು ಗಟ್ಟಿಯಾಗಿ ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ ಕನ್ನಡದಲ್ಲೇ ಬರೆದರು: ಬಲಗೈಯಲ್ಲಿ ನಾಡಿ ಸಿಗುವುದಿಲ್ಲ, ಎಡಗೈ ನೋಡುವುದು. "ಇದನ್ನ ಮನೆಯಲ್ಲಿ, ಅಕ್ಕಪಕ್ಕದಲ್ಲಿ ನಾಲ್ಕು ಜನಕ್ಕೆ ಹೇಳಿಡಿ," ಎಂದರು. "ಮತ್ತೆ ಎದೆನೋವು ಬರೋದಕ್ಕೆ ಹೊತ್ತು ಗೊತ್ತು ಅಂತ ಇರೋದಿಲ್ಲ."

ನಾನು ಯಾರಿಗೂ ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎಂದು ಈಗ ನನ್ನನ್ನು ನಾನೇ ಕೇಳಿಕೊಂಡರೆ ಎರಡು ಉತ್ತರ ಸಿಗುತ್ತದೆ. ಒಂದು, ಹೇಳಿದರೆ ಪಟ್ಟಿಯ ಕತೆ ಬಿಚ್ಚಬೇಕಾಗುತ್ತಿತ್ತು. ಊರಿಗೆಲ್ಲ ಕೊಚ್ಚಿಕೊಂಡ ಮೇಲೆ ಅದನ್ನು ಉಲ್ಟಾ ಹೇಳುವ ಮುಖ ನನಗಿರಲಿಲ್ಲ. ಇನ್ನೊಂದು, ಗಂಡನ ನಾಡಿ ಸಿಗುವುದಿಲ್ಲ ಎಂಬ ಮಾತನ್ನು ಹಣೆಯಲ್ಲಿ ಕುಂಕುಮ ಇಟ್ಟುಕೊಂಡವಳು ಹೇಗೆ ಆಡುವುದು? ನಮ್ಮಲ್ಲಿ ದೀಪ ಆರಿಸುವಾಗಲೂ ಆರಿತು ಎನ್ನುವುದಿಲ್ಲ, ದೊಡ್ಡದಾಯಿತು ಎನ್ನುತ್ತೇವೆ. ಎಣ್ಣೆ ತೀರಿದರೆ ಹೆಚ್ಚಾಯಿತು ಎನ್ನುತ್ತೇವೆ. ಆ ಮಾತು ನನ್ನ ನಾಲಿಗೆಗೆ ಬರಲೇ ಇಲ್ಲ. ಫೈಲನ್ನು ರೇಷ್ಮೆ ಸೀರೆಗಳ ಕೆಳಗೆ, ಟ್ರಂಕಿನಲ್ಲಿ ಇಟ್ಟುಬಿಟ್ಟೆ.

ಮಾತ್ರೆ ಇಪ್ಪತ್ತು ದಿನ ನಡೆಯಿತು. ಅಷ್ಟರಲ್ಲಿ ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬಂತು ಎಂದು ನಮ್ಮವರು ತಾವೇ ಬಿಟ್ಟರು. ನಾನೂ ಬಿಡಲಿ ಎಂದೆ, ರಕ್ತ ಕಂಡರೆ ನನಗೆ ಆಗುವುದಿಲ್ಲ. ಮೆಣಸಿನಕಾಯಿಯ ಹಂಗಾಮು ಬೇರೆ ಶುರುವಾಗಿತ್ತು. ವರ್ಷದ ಖಾರ ಕುಟ್ಟಿಸಲು ಬನವಾಸಿ ಕಡೆಯವರೆಲ್ಲ ಚೀಲ ತಂದು ಸಾಲುಹಚ್ಚಿ ಕೂರುವ ದಿನಗಳು. ಶಿರಸಿಗೆ ಹೋಗಿ ಡಾಕ್ಟರ ಬಾಗಿಲಲ್ಲಿ ಅರ್ಧ ದಿನ ಕಾಯಲು ಯಾರಿಗೆ ಪುರಸೊತ್ತು? ಯುಗಾದಿ ಆಗಲಿ ಎಂದೆವು, ಮಳೆ ಹಿಡಿಯಲಿ ಎಂದೆವು. ಮಳೆಗಾಲದಲ್ಲಿ ಹೋದಾಗ ಡಾಕ್ಟರು ಕೈ ಹಿಡಿದು ನೋಡಿ ತಲೆ ಅಲ್ಲಾಡಿಸಿದರು. ಇನ್ನು ಅದು ತೆರೆಯುವುದಿಲ್ಲ, ಅದರ ಚಿಂತೆ ಬಿಡಿ, ಎದೆಯ ಮಾತ್ರೆ ಮಾತ್ರ ಒಂದು ದಿನವೂ ತಪ್ಪಿಸಬೇಡಿ ಎಂದರು.

ಕೈ ಏನೂ ಕೆಟ್ಟಿರಲಿಲ್ಲ ಎಂದೇ ಹೇಳಬೇಕು. ಸ್ವಲ್ಪ ತಣ್ಣಗಿರುತ್ತಿತ್ತು. ಗಿರಣಿಯ ಕಲ್ಲನ್ನು ಬಿಗಿ ಸಡಿಲ ಮಾಡುವ ಚಕ್ರ ತಿರುಗಿಸುವಾಗ ಬೇಗ ಸೋಲುತ್ತಿತ್ತು. ಮಾಗಿಯ ಚಳಿಯಲ್ಲಿ ಬೆರಳ ತುದಿ ಬೆಳ್ಳಗಾದರೆ ಬಂದು ನನ್ನ ಬೆನ್ನಿಗೆ ಹಚ್ಚಿ ಕಿರುಚಿಸುತ್ತಿದ್ದರು. ನಾನು ಬೈಯುತ್ತಿದ್ದೆ, ಮತ್ತೆ ಆ ಕೈಯನ್ನು ಸೆರಗಿನಲ್ಲಿ ಸುತ್ತಿ ತಿಕ್ಕಿ ಬೆಚ್ಚಗೆ ಮಾಡುತ್ತಿದ್ದೆ. ನನ್ನ ತಪ್ಪಿಗೆ ನಾನು ಮಾಡಿದ ಉಪಚಾರ ಅಷ್ಟೇ.

ಮರುವರ್ಷ ದೀಪಾವಳಿ ಮುಗಿದು ಎಂಟು ದಿನವಾಗಿತ್ತು. ಮಧ್ಯಾಹ್ನ ಮೂರೂವರೆಗೆ ಗಿರಣಿಯಲ್ಲಿ ಅವರು ಮುಂದಿದ್ದ ಡಬ್ಬಿಯ ಮೇಲೆಯೇ ಕುಸಿದು ಕೂತರು. ಮೈಯೆಲ್ಲ ಬೆವರು, ಮುಖ ಬೂದಿ ಬಣ್ಣ. ನನ್ನನ್ನು ನೋಡಿದರು, ಮಾತು ಹೊರಡಲಿಲ್ಲ. ಕಾಳು ಬೀಸಿಸಲು ಬಂದವರೇ ಎತ್ತಿ ಮನೆಗೆ ತಂದು ಪಡಸಾಲೆಯಲ್ಲಿ ಮಲಗಿಸಿದರು. ನನ್ನ ಮೈದುನ ಅದೇ ಓಣಿಯವನು, ಓಡಿ ಹೋಗಿ ತನ್ನ ಸಾಮಾನು ಸಾಗಿಸುವ ಸಣ್ಣ ಗಾಡಿಯನ್ನು ಬಾಗಿಲಿಗೆ ತಂದ. ಹಿಂದೆ ಗಾದಿ ಹಾಸಿದ. ಶಿರಸಿಗೆ ಮುಕ್ಕಾಲು ತಾಸಿನ ದಾರಿ. ನಾನು ಟ್ರಂಕಿನಿಂದ ಫೈಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡೆ.

ಅಷ್ಟರಲ್ಲಿ ಯಾರೋ ಅಜ್ಜಾರನ್ನು ಕರೆತಂದರು. ಅಜ್ಜಾರೆಂದರೆ ನಮ್ಮ ಊರಿನಲ್ಲಿ ನಾಡಿ ನೋಡುವ ಹಿರಿಯರು. ಬೇರು ನಾರಿನ ಔಷಧ ಕೊಡುವುದನ್ನು ಬಿಟ್ಟು ವರ್ಷಗಳಾಗಿದ್ದವು, ಆದರೆ ಮನೆಯಲ್ಲಿ ಯಾರಾದರೂ ಹೋಗುವ ಹಾಗಾದರೆ ಅವರು ಬಂದು ಕೈ ನೋಡಿ ಹೇಳುವುದು ಊರಿನ ರೂಢಿ. ಮಗನಿಗೆ ಫೋನು ಮಾಡಬೇಕೋ, ನಾಳೆ ತನಕ ತಡೆಯಬಹುದೋ ಎಂಬುದನ್ನು ಅವರ ಮಾತಿನ ಮೇಲೆ ನಿರ್ಧರಿಸುತ್ತಾರೆ. ಗಂಡಸರದು ಬಲಗೈ, ಹೆಂಗಸರದು ಎಡಗೈ. ಅವರಿಗೆ ಅವರ ತಂದೆ ಕಲಿಸಿದ್ದು ಹಾಗೆ.

ಅವರು ನಮ್ಮವರ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಮೂರು ಬೆರಳು ಊರಿ, ಕಣ್ಣು ಮುಚ್ಚಿ ಕೂತರು. ಪಡಸಾಲೆಯಲ್ಲಿ ಇಪ್ಪತ್ತು ಜನ ನಿಂತಿದ್ದರು. ಕೈ ತಣ್ಣಗಿತ್ತು. ಆ ಕೈ ಒಂದೂ ಮುಕ್ಕಾಲು ವರ್ಷದಿಂದ ತಣ್ಣಗೇ ಇತ್ತು.

"ನಾಡಿ ಬಿಟ್ಟೈತಿ," ಎಂದರು ಅಜ್ಜಾರು.

"ಉಸುರು ಐತಲ್ರೀ ಅಜ್ಜಾರ," ಎಂದ ಮೈದುನ.

"ಐತಿ. ನಾಡಿ ಮುಂಚೆ ಹೋಗ್ತೈತಿ, ಉಸುರು ಆಮ್ಯಾಲ. ಇನ್ನ ಒಂದು ತಾಸು ಆತು, ಎರಡು ತಾಸು ಆತು. ಗಾಡ್ಯಾಗ ಹಾಕ್ಕೊಂಡು ಹೋಗಿ ಹಾದ್ಯಾಗ ಯಾಕ ಜೀವಾ ಬಿಡಸ್ತೀರಿ? ತನ್ನ ಮನ್ಯಾಗ, ತನ್ನ ಮಂದಿ ನಡುವ ಹೋಗ್ಲಿ."

ಮೈದುನ ನನ್ನ ಕಡೆ ನೋಡಿದ. "ವೈನಿ, ಏನ್ ಮಾಡೂಣ ಹೇಳ್ರಿ."

ಫೈಲು ನನ್ನ ಕಂಕುಳಲ್ಲೇ ಇತ್ತು. ಕೆಂಪು ಅಕ್ಷರ ಅದರ ಮೇಲೆಯೇ ಇತ್ತು. ನೀವು ನಂಬುತ್ತೀರೋ ಇಲ್ಲವೋ, ಆ ಮಾತು ನನಗೆ ನೆನಪಾಗಲಿಲ್ಲ. ಯಾರಿಗೂ ಹೇಳದೆ, ಮನಸ್ಸಿನಲ್ಲೂ ಆಡದೆ, ಅದನ್ನು ಎಷ್ಟು ಆಳಕ್ಕೆ ಹುಗಿದಿದ್ದೆನೆಂದರೆ ಬೇಕಾದಾಗ ಅದು ಮೇಲೆ ಬರಲಿಲ್ಲ. ನಾಲ್ಕು ಜನರಿಗೆ ಹೇಳಿಟ್ಟಿದ್ದರೆ ಆ ನಾಲ್ವರಲ್ಲಿ ಒಬ್ಬರಾದರೂ ಬಾಯಿ ತೆರೆಯುತ್ತಿದ್ದರು. ಡಾಕ್ಟರು ಅದಕ್ಕೇ ಹೇಳಿದ್ದು. ಊರಿಗೆಲ್ಲ ಕೇಳುವ ಹಾಗೆ ಕೂಗುವ ನಾನು ಆಗ ಇಷ್ಟೇ ಅಂದೆ: "ಅಜ್ಜಾರು ಹೇಳಿದಂಗ ಆಗ್ಲಿ."

ಮೈದುನ ಹೊರಗೆ ಹೋಗಿ ಗಾಡಿ ಬಂದ್ ಮಾಡಿದ.

ಕೊನೆಯ ಹೊತ್ತಿನ ಲಿಂಗಪೂಜೆ ಮಾಡಿಸುವ ಅಯ್ಯನವರಿಗೆ ಹೇಳಿಕಳಿಸಿದರು. ಅವರು ಬರುವಷ್ಟರಲ್ಲಿ ನಮ್ಮವರ ಮುಖ ಒರೆಸಿ, ಗೋಡೆಗೆ ದಿಂಬು ಕೊಟ್ಟು ಒರಗಿಸಿ ಕೂರಿಸಿದೆವು. ಅಯ್ಯನವರು ಹಣೆಗೆ ವಿಭೂತಿ ಹಚ್ಚಿದರು, ಮಂತ್ರ ಹೇಳಿದರು, ಪಾದೋದಕವನ್ನು ಒಂದು ಚಮಚ ತುಟಿಗೆ ಬಿಟ್ಟರು. ಅರ್ಧ ಕಟಬಾಯಿಯಿಂದ ಹೊರಗೆ ಹರಿಯಿತು, ಅರ್ಧ ಒಳಗೆ ಹೋಯಿತು. ಆಮೇಲೆ ಕೊರಳಿನ ಕರಡಿಗೆ ಬಿಚ್ಚಿ ಇಷ್ಟಲಿಂಗವನ್ನು ತೆಗೆದು ಎಡ ಅಂಗೈ ಮೇಲೆ ಇಟ್ಟರು. ಕೈ ಇಳಿಬೀಳುತ್ತಿತ್ತು. "ತಂಗೀ, ನೀ ಕೆಳಗ ಕೈ ಕೊಡು," ಎಂದರು. ನಾನು ನಮ್ಮವರ ಎಡಗೈಯನ್ನು ನನ್ನ ಕೈಯಲ್ಲಿ ಎತ್ತಿ ಹಿಡಿದು ಕೂತೆ.

ಬೆರಳುಗಳು ನಿಧಾನಕ್ಕೆ ಮಡಚಿಕೊಂಡವು. ಲಿಂಗವನ್ನು ಹಿಡಿದುಕೊಂಡವು. ಪಡಸಾಲೆಯಲ್ಲಿದ್ದವರೆಲ್ಲ ಕೈ ಮುಗಿದರು. ಎಂಥ ಪುಣ್ಯವಂತ, ಲಿಂಗವನ್ನು ತಾನೇ ಹಿಡಕೊಂಡ, ಇಂಥ ಸಾವು ಯಾರಿಗೆ ಬರಬೇಕು ಎಂದು ಹೆಂಗಸರು ಕಣ್ಣೊರೆಸಿಕೊಂಡರು. ನಾನೂ ಅತ್ತೆ. ಅದರಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು.

ಹೀಗೆ ಒಂದು ತಾಸಿಗೂ ಮೇಲಾಯಿತು.

ಐದರ ಬಸ್ಸಿಗೆ ನಮ್ಮೂರಿನ ಆಶಾ ಕಾರ್ಯಕರ್ತೆ ಶಿರಸಿಯಲ್ಲಿ ಮೀಟಿಂಗು ಮುಗಿಸಿ ಬಂದಿಳಿದಳು. ಯಲ್ಲಾಪುರ ಕಡೆಯಿಂದ ನಮ್ಮೂರಿಗೆ ಸೊಸೆಯಾಗಿ ಬಂದವಳು, ಮಾತು ಕಡಿಮೆ. ಬಾಗಿಲಲ್ಲಿ ಜನ ಕಂಡು ನೇರ ಒಳಗೆ ಬಂದಳು. ನನ್ನ ಪಕ್ಕ, ಅಂದರೆ ನಮ್ಮವರ ಎಡಗಡೆ, ಜಾಗ ಮಾಡಿಕೊಂಡು ಕೂತಳು. ಚೀಲದಿಂದ ಬೆರಳಿಗೆ ಕಚ್ಚಿಸುವ ಸಣ್ಣ ಯಂತ್ರ ತೆಗೆದು, ನಾನು ಹಿಡಿದ ಕೈಯ ತೋರುಬೆರಳಿಗೆ ಹಾಕಿದಳು. ಅಯ್ಯನವರು ಮಂತ್ರ ನಿಲ್ಲಿಸಿ ನೋಡಿದರು.

ಯಂತ್ರದಲ್ಲಿ ಅಂಕಿ ಮೂಡಿತು.

"ನಾಡಿ ಐತಲ್ಲ," ಎಂದಳು ಅವಳು. ಮತ್ತೆ ಮಣಿಕಟ್ಟಿಗೆ ಬೆರಳಿಟ್ಟಳು. "ಅಕ್ಕಾ, ನಾಡಿ ಐತಿ! ಸಣ್ಣಗೈತಿ, ಖರೆ ಐತಿ. ಯಾರು ಇಲ್ಲ ಅಂದೋರು? ಗಾಡಿ ತರ್ರೋ ಯಾರಾರ!"

ಕೆಂಪು ಅಕ್ಷರ ನನಗೆ ಆಗ ನೆನಪಾಯಿತು. ಒಂದೇ ಸಲಕ್ಕೆ ಎಲ್ಲ ನೆನಪಾಯಿತು. ನಾನು ಎಷ್ಟು ಜೋರಾಗಿ ಚೀರಿದೆ ಎಂದರೆ ಕೈಯಲ್ಲಿದ್ದ ಲಿಂಗ ಜಾರಿ ಗಾದಿಯ ಮೇಲೆ ಬಿತ್ತು.

ಗಾಡಿಯಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿನ ಮೇಲೆ ಇಳಿದಿತ್ತು. ನಾನು ದಾರಿಯುದ್ದಕ್ಕೂ ಮಾತಾಡಿದೆ. ನಾನು ಬಿಗಿ ಮಾಡು ಎಂದೆ, ನಾನು ಮಾತ್ರೆ ಬಿಡಿ ಎಂದೆ, ನಾನು ಹೇಳಲಿಲ್ಲ, ಕಣ್ಣು ಬಿಡ್ರಿ, ಬೈಯ್ರಿ ನನಗೆ ಒಂದು ಸಲ. ಅವರು ನನ್ನನ್ನು ಜೀವಮಾನದಲ್ಲಿ ಬೈದವರಲ್ಲ. ಆಗಲೂ ಬೈಯಲಿಲ್ಲ. ಶಿರಸಿಯ ಊರೊಳಗೆ ಗಾಡಿ ಹೊಕ್ಕಾಗ ಇನ್ನೂ ಉಸಿರಿತ್ತು. ಆಸ್ಪತ್ರೆಯ ಮಂಚಕ್ಕೆ ಹಾಕಿ ಎದೆಗೆ ತಂತಿ ಅಂಟಿಸುವಾಗ ಹೋಯಿತು. ಎದೆ ಒತ್ತಿದರು, ಶಾಕು ಕೊಟ್ಟರು, ಅರ್ಧ ತಾಸು ಬಿಡಲಿಲ್ಲ. ಬರಲಿಲ್ಲ.

ಅದೇ ಡಾಕ್ಟರು. ಫೈಲು ತೆಗೆದುಕೊಂಡು ಮೇಲಿನ ಕೆಂಪು ಸಾಲನ್ನು ಓದಿದರು. ಎಷ್ಟು ಹೊತ್ತಿಗೆ ಶುರುವಾಯಿತು ಎಂದು ಕೇಳಿದರು. ಮೂರೂವರೆ ಎಂದ ಮೈದುನ. ಅವರು ಗಡಿಯಾರ ನೋಡಿದರು.

"ಬೇಗ ಬಂದಿದ್ರೆ ಏನಾದ್ರೂ ಮಾಡಬಹುದಿತ್ತು," ಎಂದರು. "ಉಳೀತಿದ್ರು ಅಂತ ನಾನು ಹೇಳೋದಿಲ್ಲ. ಮಾಡಬಹುದಿತ್ತು."

ಬೇಗ ಬಂದರೂ ಉಳಿಯುತ್ತಿರಲಿಲ್ಲ ಎಂದು ಒಂದು ಸುಳ್ಳಾದರೂ ಹೇಳಬಾರದಿತ್ತೇ ಎಂದು ನನಗೆ ಆ ಡಾಕ್ಟರ ಮೇಲೆ ಇವತ್ತಿಗೂ ಸಿಟ್ಟಿದೆ. ಸಿಟ್ಟು ಮಾಡಲು ಯಾರಾದರೂ ಬೇಕಲ್ಲ.

ಊರಿನಲ್ಲಿ ಅದು ಬೇರೆಯದೇ ಕತೆಯಾಯಿತು. ಅಜ್ಜಾರು ಎರಡು ತಾಸು ಎಂದಿದ್ದರು, ಹೆಚ್ಚುಕಡಿಮೆ ಎರಡೂವರೆ ತಾಸಿಗೆ ಆಯಿತು, ಅವರ ಕೈಗುಣವೇ ಗುಣ ಎಂದರು. ಸುಮ್ಮನೆ ಗಾಡಿಯಲ್ಲಿ ಕುಲುಕಾಡಿಸಿದರು, ಮನೆಯಲ್ಲೇ ಬಿಟ್ಟಿದ್ದರೆ ಲಿಂಗ ಕೈಯಲ್ಲಿರುವಾಗಲೇ ಹೋಗುತ್ತಿದ್ದ ಎಂದರು. ಆಶಾ ಕಾರ್ಯಕರ್ತೆಗೆ ಕೆಲವರು ಮುಖ ತಿರುಗಿಸಿದರಂತೆ. ಅವಳು ನನ್ನ ಹತ್ತಿರ ಬಂದು ಎರಡು ತಾಸು ಕೂತು ಎದ್ದು ಹೋದಳು.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮಾರನೆಯ ದಿನ ಅಜ್ಜಾರು ಒಬ್ಬರೇ ಬಂದರು. ಕಟ್ಟೆಯ ಮೇಲೆ ಕೂತು, ಕೋಲನ್ನು ಗೋಡೆಗೆ ಒರಗಿಸಿದರು.

"ತಂಗೀ, ಆ ಹುಡುಗಿ ಯಂತ್ರದಾಗ ನಾಡಿ ಬಂತಂತಲ್ಲ. ಎಡಗೈಯಾಗ," ಎಂದರು. "ನನಗ ಯಾಕ ಸಿಗಲಿಲ್ಲ?"

ನಾನು ಅವರಿಗೆ ಎಲ್ಲ ಹೇಳಿದೆ. ಹುಬ್ಬಳ್ಳಿಯ ಪಟ್ಟಿ, ನಾನು ಕೂಗಿದ್ದು, ಬೆಳಗಿನ ತನಕ ಬಿಗಿಯಿಟ್ಟಿದ್ದು, ಮಾತ್ರೆ ಬಿಟ್ಟಿದ್ದು, ಫೈಲು. ಒಳಗಿನಿಂದ ಅದನ್ನು ತಂದು ಅವರ ಕೈಗೂ ಕೊಟ್ಟೆ. ಕನ್ನಡಕ ಇರಲಿಲ್ಲ, ನಾನೇ ಓದಿ ಹೇಳಬೇಕಾಯಿತು. ಬಲಗೈಯಲ್ಲಿ ನಾಡಿ ಸಿಗುವುದಿಲ್ಲ, ಎಡಗೈ ನೋಡುವುದು. ನನ್ನ ಬಾಯಿಂದ ಅದು ಹೊರಬಿದ್ದದ್ದು ಅದೇ ಮೊದಲು.

ಅಜ್ಜಾರು ತಮ್ಮ ಮೂರು ಬೆರಳು ನೋಡಿಕೊಂಡರು.

"ಇತ್ತೀಚೆ ಆಸ್ಪತ್ರ್ಯಾಗ ಕೈಯಾಗ ತೂತು ಹಾಕಿಸಿಕೊಂಡು ಬಂದೋರು ಭಾಳ ಮಂದಿ," ಎಂದರು. "ಅವರ ಪೈಕಿ ಇಬ್ಬರಿಗೆ ನಾನು ಹಿಂಗ ಹೇಳೀನಿ." ಯಾರು ಆ ಇಬ್ಬರು ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು. ಅವರು ಕೋಲು ಹಿಡಿದು ಎದ್ದು ಹೋದರು. ಅವರು ಆಮೇಲೆ ಯಾರ ಮನೆಗೂ ಕೈ ನೋಡಲು ಹೋಗಲಿಲ್ಲ. ಕರೆಯಲು ಬಂದವರಿಗೆ ಕಣ್ಣು ಕಾಣುವುದಿಲ್ಲ ಎನ್ನುತ್ತಾರಂತೆ, ನಾಡಿಗೂ ಕಣ್ಣಿಗೂ ಏನು ಸಂಬಂಧ ಎಂದು ಯಾರೂ ಕೇಳುತ್ತಿಲ್ಲ.

ನನ್ನ ಭಾರವನ್ನು ಅರ್ಧ ಅವರ ತಲೆಗೆ ಹೊರಿಸಿ ಕಳಿಸಿದೆ ಎಂದು ಆ ದಿನ ಹಗುರ ಅನಿಸಿದ್ದು ಸುಳ್ಳಲ್ಲ. ಎರಡು ದಿನ ನಿದ್ದೆಯೂ ಬಂತು. ಆದರೆ ಅವರಿಗೆ ಎಲ್ಲ ಹೇಳಿದೆ ಎಂದೆನಲ್ಲ, ಎಲ್ಲ ಹೇಳಲಿಲ್ಲ. ಒಂದನ್ನು ಹೇಳಲಿಲ್ಲ. ಅದನ್ನು ಮೈದುನನಿಗೆ ಹೇಳಿಲ್ಲ, ಡಾಕ್ಟರಿಗೆ ಹೇಳಿಲ್ಲ, ಆ ಸಂಜೆ ನನ್ನ ಪಕ್ಕದಲ್ಲೇ ಕೂತಿದ್ದ ಆಶಾ ಹುಡುಗಿಗೂ ಹೇಳಿಲ್ಲ.

ಅಯ್ಯನವರು ಕೆಳಗೆ ಕೈ ಕೊಡು ಎಂದಾಗ ನಾನು ನಮ್ಮವರ ಎಡಗೈಯನ್ನು ಹಿಡಿದದ್ದು ಮಣಿಕಟ್ಟಿನಲ್ಲಿ. ನನ್ನ ಬೆರಳುಗಳು ಹೆಬ್ಬೆರಳಿನ ಬುಡದ ಕೆಳಗೆ, ಸರಿಯಾಗಿ ಅಲ್ಲೇ ಇದ್ದವು. ಕೂತ ಸ್ವಲ್ಪ ಹೊತ್ತಿಗೆ ಬೆರಳಿನಡಿ ಏನೋ ಬಡಿಯಿತು. ಸಣ್ಣಗೆ, ಬಿಟ್ಟು ಬಿಟ್ಟು. ನನ್ನ ಎದೆ ಅಷ್ಟು ಹೊಡೆದುಕೊಳ್ಳುತ್ತಿತ್ತು, ಅದು ನನ್ನದೇ ಬಡಿತ ಎಂದುಕೊಂಡೆ. ಒಂದು ತಾಸು ಅದು ಬಡಿಯಿತು, ಆ ಒಂದು ತಾಸೂ ನಾನು ಅದನ್ನು ನನ್ನದೇ ಎಂದುಕೊಂಡು ಕೂತಿದ್ದೆ.